ಪಕ್ಕದವರ ಮುಖ ನೋಡಿ ಗಾಳಿಯನ್ನು ಅಳೆಯುವ ನಾವು

1968ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ, ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬನನ್ನು ಕೋಣೆಯಲ್ಲಿ ಕೂರಿಸಿ ಪ್ರಶ್ನಾವಳಿ ತುಂಬಲು ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದಾಗ ನಾಲ್ವರಲ್ಲಿ ಮೂವರು ಎದ್ದುಹೋಗಿ ಹೊರಗಿದ್ದವರಿಗೆ ತಿಳಿಸಿದರು. ಅದೇ ಕೋಣೆಯಲ್ಲಿ, ಹೊಗೆ ಕಂಡರೂ ಕಾಣದವರಂತೆ ಬರೆಯುತ್ತಾ ಕೂರಬೇಕೆಂದು ಮೊದಲೇ ಹೇಳಿಕೊಟ್ಟಿದ್ದ ಇನ್ನಿಬ್ಬರನ್ನು ಕೂರಿಸಿದಾಗ, ಹತ್ತು ಮಂದಿಯಲ್ಲಿ ಒಬ್ಬ ಮಾತ್ರ ಎದ್ದ. ಉಳಿದವರು ಕಣ್ಣುಜ್ಜಿಕೊಂಡರು, ಕೆಮ್ಮಿದರು, ಆದರೆ ಬರೆಯುವುದನ್ನು ನಿಲ್ಲಿಸಲಿಲ್ಲ.

ಜನಜಂಗುಳಿಯಲ್ಲಿ ಮಾಸ್ಕ್ ಹಾಕುವ ಅಥವಾ ಹಾಕದಿರುವ ನಮ್ಮ ನಡವಳಿಕೆಯನ್ನು ಯೋಚಿಸುವಾಗಲೆಲ್ಲ ನನಗೆ ಈ ಕೋಣೆ ನೆನಪಾಗುತ್ತದೆ. ಅಲ್ಲಿ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಗಂಟಲಿಗೆ ತಾಗುತ್ತಿತ್ತು. ಆದರೂ ಪಕ್ಕದವರ ನಿರಾಳ ಮುಖ ಅದನ್ನು ಸುಳ್ಳಾಗಿಸಿತು. ಸೋಂಕು ಹೊತ್ತ ಗಾಳಿಗಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಕ್ಕಿರಿದ ಸಭಾಂಗಣಕ್ಕೋ ರೈಲಿನ ಬೋಗಿಗೋ ಕಾಲಿಟ್ಟಾಗ ನಾವು ಮೊದಲು ನೋಡುವುದು ಎಷ್ಟು ಜನ ಮಾಸ್ಕ್ ಹಾಕಿದ್ದಾರೆ ಎಂಬುದನ್ನು. ಯಾರೂ ಹಾಕಿಲ್ಲದಿದ್ದರೆ ಅಪಾಯವಿಲ್ಲ ಎಂದುಕೊಳ್ಳುತ್ತೇವೆ. ಆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ಹೀಗೆಯೇ ಇನ್ನೊಬ್ಬರ ಮುಖ ನೋಡಿ ತೀರ್ಮಾನಕ್ಕೆ ಬಂದಿರಬಹುದು ಎನ್ನುವುದು ಹೊಳೆಯುವುದಿಲ್ಲ.

ಆ ಗಾಳಿಯಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ.

ಗುಂಪಿನ ಗಾತ್ರದಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮ ಅಂದಾಜು ಹೆಚ್ಚು ತಪ್ಪುವುದು ಇಲ್ಲಿಯೇ. ಊರಿನಲ್ಲಿ ನೂರಕ್ಕೆ ಒಬ್ಬರಿಗೆ ಸೋಂಕಿದೆ ಎಂದುಕೊಳ್ಳಿ. ಕೇಳಲು ಸಣ್ಣ ಪ್ರಮಾಣ. ಹತ್ತು ಜನ ಸೇರಿದ ಕಡೆ ಅವರಲ್ಲಿ ಕನಿಷ್ಠ ಒಬ್ಬ ಸೋಂಕಿತ ಇರುವ ಸಾಧ್ಯತೆ ಶೇ. 10ಕ್ಕಿಂತ ಸ್ವಲ್ಪ ಕಡಿಮೆ. ಐವತ್ತು ಜನರಾದರೆ ಅದು ಸುಮಾರು ಶೇ. 40, ನೂರು ಜನರಾದರೆ ಶೇ. 63, ಮುನ್ನೂರು ಜನರಾದರೆ ಶೇ. 95. ಊರಿನ ಸೋಂಕು ಒಂದಿಷ್ಟೂ ಹೆಚ್ಚಿಲ್ಲ, ನಾವು ಕೂತ ಕೋಣೆ ದೊಡ್ಡದಾಯಿತು, ಅಷ್ಟೆ. ‘ನನಗೆ ಗೊತ್ತಿರುವ ಯಾರಿಗೂ ಈಗ ಕಾಯಿಲೆ ಇಲ್ಲ’ ಎಂಬ ಮಾತು ಮನೆಮಂದಿಯ ಮಟ್ಟಿಗೆ ಸರಿಯಾದ ಸಮಾಧಾನ. ಮುನ್ನೂರು ಅಪರಿಚಿತರ ನಡುವೆ ಅದರಿಂದ ಏನೂ ಉಪಯೋಗವಿಲ್ಲ. ಆ ಒಬ್ಬ ಸೋಂಕಿತ ನೋಡಲು ಆರೋಗ್ಯವಂತನೇ ಆಗಿರಬಹುದು. ಕೋವಿಡ್‌ನಲ್ಲಿ ರೋಗಲಕ್ಷಣ ಕಾಣಿಸಿಕೊಳ್ಳುವ ಸುಮಾರು ಎರಡು ದಿನ ಮೊದಲೇ ಸೋಂಕು ಹರಡತೊಡಗುತ್ತದೆ.

ಸೋಂಕಿತನೊಬ್ಬ ಕೋಣೆಯಲ್ಲಿ ಇದ್ದಾನೆ ಎಂದ ಮಾತ್ರಕ್ಕೆ ಎಲ್ಲರಿಗೂ ಸೋಂಕು ತಗಲುತ್ತದೆ ಎಂದೇನಿಲ್ಲ. ಅದು ಅವನ ಉಸಿರು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಮಾತನಾಡುವಾಗ, ಕೆಮ್ಮುವಾಗ, ಸುಮ್ಮನೆ ಉಸಿರಾಡುವಾಗಲೂ ಬಾಯಿ ಮೂಗಿನಿಂದ ತೇವಾಂಶದ ಕಣಗಳು ಹೊರಬೀಳುತ್ತವೆ. ಅವುಗಳ ಗಾತ್ರದಲ್ಲಿ ಅಗಾಧ ವ್ಯತ್ಯಾಸವಿದೆ. 100 ಮೈಕ್ರಾನಿನ ಹನಿ, ಅಂದರೆ ಹೆಚ್ಚುಕಡಿಮೆ ಕೂದಲೆಳೆಯಷ್ಟು ದಪ್ಪದ್ದು, ಬಾಯಿಯ ಎತ್ತರದಿಂದ ನೆಲಕ್ಕೆ ಬೀಳಲು ಐದಾರು ಸೆಕೆಂಡು ಸಾಕು. 5 ಮೈಕ್ರಾನಿನ ಕಣಕ್ಕೆ ಅಲುಗಾಡದ ಗಾಳಿಯಲ್ಲಿ ಸುಮಾರು ಅರ್ಧ ಗಂಟೆ ಬೇಕು. 1 ಮೈಕ್ರಾನಿನದಕ್ಕೆ ಹನ್ನೆರಡು ಗಂಟೆಯೂ ಸಾಲದು. ದೊಡ್ಡ ಹನಿಗಳು ಗುಂಡಿನಂತೆ ಹಾರಿ ಬೀಳುತ್ತವೆ, ಸಣ್ಣವು ಹೊಗೆಯಂತೆ ತೇಲಿ ಕೋಣೆಯನ್ನೇ ತುಂಬುತ್ತವೆ. ಈ ವ್ಯತ್ಯಾಸವನ್ನು ಅಮೆರಿಕದ ವಿಜ್ಞಾನಿ ವಿಲಿಯಂ ವೆಲ್ಸ್ 1930ರ ದಶಕದಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು.

ಹಾಗಿದ್ದರೂ 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು ಜಗತ್ತಿಗೆ ಸಾರಿತು. ದೊಡ್ಡ ಹನಿಗಳ ಕಡೆಗೇ ಗಮನವಿತ್ತು. ಕೈ ತೊಳೆಯಿರಿ, ಒಂದೆರಡು ಮೀಟರ್ ದೂರ ನಿಲ್ಲಿ ಎಂಬ ಸಲಹೆಗಳು ಬಂದದ್ದು ಆ ನಂಬಿಕೆಯಿಂದ. ಆ ಹೊತ್ತಿಗಾಗಲೇ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಾರ್ಚ್ 10ರ ಸಂಜೆ ಸ್ಕ್ಯಾಜಿಟ್ ವ್ಯಾಲಿಯ ಗಾಯನ ತಂಡವೊಂದರ ಅಭ್ಯಾಸ ನಡೆದುಹೋಗಿತ್ತು. ಸುಮಾರು ಎರಡೂವರೆ ಗಂಟೆಯ ಅಭ್ಯಾಸ, ಬಂದವರು 61 ಮಂದಿ, ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣಗಳಿದ್ದವು. ಕೊನೆಗೆ ಸೋಂಕು ಖಚಿತವಾದವರು 33, ಬಹುಮಟ್ಟಿಗೆ ಸೋಂಕಿತರೆಂದು ಲೆಕ್ಕಕ್ಕೆ ಬಂದವರು 20. ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆ, ಬಹಳ ಹೊತ್ತು, ಎತ್ತರದ ದನಿ ಈ ಮೂರೂ ಅಲ್ಲಿ ಒಂದಾಗಿದ್ದವು. ದನಿ ಏರಿದಂತೆಲ್ಲ ಬಾಯಿಂದ ಹೊರಬೀಳುವ ಕಣಗಳ ಸಂಖ್ಯೆಯೂ ಏರುತ್ತದೆ. ಮೌನವಾಗಿ ಕುಳಿತ ಗ್ರಂಥಾಲಯದ ಐವತ್ತು ಜನರೂ ಕೂಗಿ ಹಾಡುವ ಐವತ್ತು ಜನರೂ ಲೆಕ್ಕಕ್ಕೆ ಒಂದೇ, ಗಾಳಿಗೆ ಒಂದೇ ಅಲ್ಲ.

ಈ ಕಾಣದ ಗಾಳಿಯನ್ನು ಕಾಣುವಂತೆ ಮಾಡುವ ಒಂದು ಸರಳ ದಾರಿ ಇದೆ, ಮತ್ತು ಅದು ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನಗೆ ಬೇಸರದ ಸಂಗತಿ. ಹೊರಗಿನ ಶುದ್ಧ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ ಸುಮಾರು 420 ಭಾಗ ಇರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದು ಸುಮಾರು 40,000. ಹೀಗಾಗಿ ಮುಚ್ಚಿದ ಕೋಣೆಯಲ್ಲಿ ಅದರ ಪ್ರಮಾಣ ಏರಿದರೆ, ಏರಿದಷ್ಟೂ ಯಾರದೋ ಎದೆಯಿಂದ ಬಂದದ್ದು ಎಂದರ್ಥ. ಸಣ್ಣ ಅಳತೆಯ ಯಂತ್ರ 1,200 ತೋರಿಸಿದರೆ, ನೀವು ಎಳೆದುಕೊಳ್ಳುವ ಗಾಳಿಯ ಸುಮಾರು ಐವತ್ತನೇ ಒಂದು ಭಾಗ ಈಗಾಗಲೇ ಇನ್ನೊಬ್ಬರ ಶ್ವಾಸಕೋಶದೊಳಗೆ ಹೋಗಿ ಬಂದದ್ದು. 2,000 ತೋರಿಸಿದರೆ ಇಪ್ಪತ್ತೈದನೇ ಒಂದು ಭಾಗ. ಕಿಟಕಿ ತೆರೆದು ಕೆಲವು ನಿಮಿಷ ಕಾದರೆ ಸಂಖ್ಯೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಈ ಯಂತ್ರ ವೈರಸ್ಸನ್ನು ಅಳೆಯುವುದಿಲ್ಲ. ನಾವು ಎಷ್ಟರ ಮಟ್ಟಿಗೆ ಒಬ್ಬರ ಉಸಿರನ್ನು ಇನ್ನೊಬ್ಬರು ಹಂಚಿಕೊಳ್ಳುತ್ತಿದ್ದೇವೆ ಎಂಬುದನ್ನು ಹೇಳುತ್ತದೆ. ಜನಜಂಗುಳಿಯಲ್ಲಿ ಬೇಕಿರುವ ಪ್ರಶ್ನೆ ಅದೇ.

ಇನ್ನು ಮಾಸ್ಕ್. ಅದರ ಬಗ್ಗೆ ಬಹಳ ಸಲ ಕೇಳಿಬರುವ ಆಕ್ಷೇಪ ಹೀಗಿದೆ: ವೈರಸ್ಸಿನ ಗಾತ್ರ 0.1 ಮೈಕ್ರಾನ್, ಮಾಸ್ಕಿನ ರಂಧ್ರ ಅದಕ್ಕಿಂತ ಎಷ್ಟೋ ದೊಡ್ಡದು, ಆದ್ದರಿಂದ ಅದು ಸೊಳ್ಳೆಗೆ ಮುಳ್ಳುಬೇಲಿ ಹಾಕಿದಂತೆ. ಕೇಳಲು ತರ್ಕಬದ್ಧವಾಗಿದೆ, ಹಾಗಾಗಿಯೇ ಅದು ಇಷ್ಟು ಬಲವಾಗಿ ಬೇರೂರಿದೆ. ಅದರಲ್ಲಿ ಎರಡು ತಪ್ಪುಗಳಿವೆ. ವೈರಸ್ ಬೆತ್ತಲೆಯಾಗಿ ಹಾರಿಬರುವುದಿಲ್ಲ. ಉಪ್ಪು, ಲೋಳೆ, ನೀರು ಸೇರಿದ ಕಣದೊಳಗೆ ಕೂತು ಬರುತ್ತದೆ, ಆ ಕಣ ವೈರಸ್ಸಿಗಿಂತ ದೊಡ್ಡದು. ಎರಡನೆಯ ತಪ್ಪು, ಒಳ್ಳೆಯ ಮಾಸ್ಕನ್ನು ಹಿಟ್ಟಿನ ಜರಡಿಯಂತೆ ಭಾವಿಸುವುದು. ಅದು ಅಡ್ಡಾದಿಡ್ಡಿ ಎಳೆಗಳ ದಟ್ಟ ಕಾಡು. ಗಾಳಿ ಎಳೆಗಳನ್ನು ಸುತ್ತಿ ಬಳಸಿ ಹೋಗುತ್ತದೆ. ದೊಡ್ಡ ಕಣಕ್ಕೆ ಆ ತಿರುವಿನಲ್ಲಿ ತಿರುಗಲಾಗದೆ ಎಳೆಗೆ ಬಡಿದು ಅಂಟಿಕೊಳ್ಳುತ್ತದೆ. ತೀರಾ ಸಣ್ಣ ಕಣ ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅತ್ತಿತ್ತ ಕುಣಿಯುತ್ತಾ ಯಾವುದೋ ಎಳೆಗೆ ತಾಗುತ್ತದೆ. ಹಾಗಾಗಿ ಹಿಡಿಯಲು ಅತಿ ಸಣ್ಣದು ಕಷ್ಟವಲ್ಲ, ನಡುವಿನ ಗಾತ್ರದ್ದು, ಸುಮಾರು 0.3 ಮೈಕ್ರಾನಿನದು, ಕಷ್ಟ. ಎನ್‌-95 ಮಾಸ್ಕನ್ನು ಪರೀಕ್ಷಿಸುವುದು ಈ ಕಷ್ಟದ ಗಾತ್ರದಲ್ಲಿಯೇ. ಅಲ್ಲಿ ಕನಿಷ್ಠ ಶೇ. 95ರಷ್ಟನ್ನು ತಡೆಯಬೇಕು, ಹೆಸರಿನಲ್ಲಿರುವ ಸಂಖ್ಯೆ ಅದೇ. ಇದರ ಜೊತೆಗೆ ಎಳೆಗಳಿಗೆ ಸ್ಥಿರ ವಿದ್ಯುತ್ ತುಂಬಿರುತ್ತಾರೆ, ಕಣಗಳನ್ನು ಅದು ಸೆಳೆದುಕೊಳ್ಳುತ್ತದೆ. ಸಾಬೂನಿನಲ್ಲಿ ತೊಳೆದರೆ ಆ ವಿದ್ಯುತ್ ಹೋಗುತ್ತದೆ, ಮಾಸ್ಕ್ ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ.

ಎಳೆ ಎಷ್ಟೇ ಒಳ್ಳೆಯದಿದ್ದರೂ ಗಾಳಿ ಸುಲಭದ ದಾರಿ ಹುಡುಕುತ್ತದೆ. ಕೆನ್ನೆಯ ಪಕ್ಕದಲ್ಲಿ ಸಂದಿ ಇದ್ದರೆ ಅಲ್ಲಿಂದಲೇ ನುಗ್ಗುತ್ತದೆ. ಕನ್ನಡಕದ ಮೇಲೆ ಹಬೆ ಕೂರುತ್ತಿದ್ದರೆ ಮೂಗಿನ ಬಳಿ ಸೋರುತ್ತಿದೆ ಎಂದೇ ಅರ್ಥ. ಶಸ್ತ್ರಚಿಕಿತ್ಸೆಯ ನೀಲಿ ಮಾಸ್ಕಿನ ಬಟ್ಟೆ ಪರವಾಗಿಲ್ಲ, ಅದರ ದೋಷ ಪಕ್ಕದ ಸಂದಿಗಳದ್ದು. ಗಲ್ಲಕ್ಕೆ ಇಳಿಸಿಕೊಂಡದ್ದರ ಬಗ್ಗೆ ಹೇಳುವ ಅಗತ್ಯವಿಲ್ಲ.

‘ಮಾಸ್ಕ್ ಹಾಕಿಯೂ ನನಗೆ ಬಂತು, ಹಾಕಿ ಏನು ಪ್ರಯೋಜನ’ ಎನ್ನುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ, ಅದಕ್ಕೆ ಗಣಿತದಲ್ಲಿಯೇ ವಿವರಣೆ ಇದೆ. ಒಳಹೋಗುವ ಕಣಗಳನ್ನು ಅರ್ಧಕ್ಕೆ ಇಳಿಸಿದರೆ ಅಪಾಯವೂ ಸದಾ ಅರ್ಧಕ್ಕೆ ಇಳಿಯುವುದಿಲ್ಲ. ಗಾಳಿಯಿಂದ ಹರಡುವ ಸೋಂಕಿಗೆ ಬಳಸುವ ವೆಲ್ಸ್-ರೈಲಿ ಸೂತ್ರದ ಪ್ರಕಾರ, ಮೊದಲೇ ಅಪಾಯ ಕಡಿಮೆ ಇದ್ದ ಕಡೆ, ಉದಾಹರಣೆಗೆ ಶೇ. 9.5 ಇದ್ದಾಗ, ಕಣಗಳು ಅರ್ಧವಾದರೆ ಅಪಾಯ ಸುಮಾರು ಶೇ. 5ಕ್ಕೆ ಇಳಿಯುತ್ತದೆ. ಗಾಳಿ ಕೆಟ್ಟು ನಿಂತು ಅಪಾಯ ಶೇ. 98 ಇದ್ದ ಕಡೆ ಅದೇ ಮಾಸ್ಕ್ ಅದನ್ನು ಶೇ. 86ಕ್ಕೆ ಮಾತ್ರ ಇಳಿಸುತ್ತದೆ. ಒಂದೇ ಮಾಸ್ಕ್, ಒಂದೇ ಮುಖ. ಬದಲಾದದ್ದು ಕೋಣೆ. ಗಂಟೆಗಟ್ಟಲೆ ಮುಚ್ಚಿದ ಸಭಾಂಗಣದಲ್ಲಿ ಸಡಿಲ ಮಾಸ್ಕ್ ಹಾಕಿ ಕುಳಿತವರಿಗೆ ಅದು ಕೈಕೊಟ್ಟರೆ ಆಶ್ಚರ್ಯವಿಲ್ಲ. ಅಲ್ಲಿ ಕಿಟಕಿಯೂ ಬೇಕು, ಬಿಗಿಯಾದ ಮಾಸ್ಕೂ ಬೇಕು, ಕೆಲವೊಮ್ಮೆ ಬೇಗ ಎದ್ದು ಬರುವುದೂ ಬೇಕು. ಸೋಂಕಿತನೂ ಮಾಸ್ಕ್ ಹಾಕಿದ್ದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಅವನದು ಅರ್ಧ ತಡೆದು, ಉಳಿದದ್ದರಲ್ಲಿ ನಿಮ್ಮದು ಅರ್ಧ ತಡೆದರೆ ನಿಮ್ಮನ್ನು ತಲುಪುವುದು ಕಾಲು ಭಾಗ.

ಹಾಗಾದರೆ ಅಧ್ಯಯನಗಳು ಒಂದೊಂದು ಒಂದೊಂದು ಹೇಳುವುದೇಕೆ? ಅವು ಕೇಳಿದ ಪ್ರಶ್ನೆಗಳು ಬೇರೆ ಬೇರೆ. 2020ರ ವಸಂತದಲ್ಲಿ ಡೆನ್ಮಾರ್ಕಿನಲ್ಲಿ ಸುಮಾರು 6,000 ಜನರ ಮೇಲೆ ನಡೆದ ಪ್ರಯೋಗದಲ್ಲಿ ಮಾಸ್ಕ್ ಸಲಹೆ ಪಡೆದವರಲ್ಲಿ ಶೇ. 1.8, ಪಡೆಯದವರಲ್ಲಿ ಶೇ. 2.1 ಜನರಿಗೆ ಸೋಂಕು ತಗಲಿತ್ತು. ಖಚಿತವಾಗಿ ಏನನ್ನಾದರೂ ಹೇಳಲು ಆ ಅಂತರ ತೀರಾ ಸಣ್ಣದು. ಮೇಲಾಗಿ ಅದು ಅಳೆದದ್ದು ಮಾಸ್ಕ್ ಇಲ್ಲದವರ ನಡುವೆ ಒಬ್ಬೊಬ್ಬರು ಹಾಕಿಕೊಂಡರೆ ಅವರಿಗೆ ಸಿಗುವ ರಕ್ಷಣೆಯನ್ನು. ಊರಿಗೆ ಊರೇ ಹಾಕಿದರೆ ಏನಾಗುತ್ತದೆ ಎಂಬುದನ್ನು ಬಾಂಗ್ಲಾದೇಶದಲ್ಲಿ 600 ಹಳ್ಳಿಗಳ, ಸುಮಾರು 3.4 ಲಕ್ಷ ವಯಸ್ಕರ ನಡುವೆ ನೋಡಲಾಯಿತು. ಮಾಸ್ಕ್ ಹಂಚಿ ಪ್ರೋತ್ಸಾಹಿಸಿದ ಹಳ್ಳಿಗಳಲ್ಲಿ ಸರಿಯಾಗಿ ಧರಿಸುವವರು ಶೇ. 13ರಿಂದ 42ಕ್ಕೆ ಏರಿದರು. ಲಕ್ಷಣಗಳಿದ್ದು ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಸೋಂಕು ಒಟ್ಟಾರೆ ಶೇ. 9ರಷ್ಟು ಇಳಿಯಿತು. ಶಸ್ತ್ರಚಿಕಿತ್ಸೆಯ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 60 ದಾಟಿದವರಲ್ಲಿ ಇಳಿಕೆ ಶೇ. 35. ನೆನಪಿಡಬೇಕಾದ ಮಾತೆಂದರೆ, ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಮಾಸ್ಕ್ ಹಾಕಿರಲಿಲ್ಲ.

2023ರ ಜನವರಿಯಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು ಹೊರಬಂದಾಗ ‘ಮಾಸ್ಕ್ ಕೆಲಸ ಮಾಡುವುದಿಲ್ಲ ಎಂದು ಸಾಬೀತಾಯಿತು’ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಆ ಸಂಸ್ಥೆಯ ಪ್ರಧಾನ ಸಂಪಾದಕಿ ಕಾರ್ಲಾ ಸೋರ್ಸ್-ವೈಸರ್ ಮಾರ್ಚಿನಲ್ಲಿ ಸ್ಪಷ್ಟನೆ ಕೊಡಬೇಕಾಯಿತು: ಹಾಗೆ ಹೇಳುವುದು ತಪ್ಪು ವ್ಯಾಖ್ಯಾನ, ಮಾಸ್ಕ್ ಧರಿಸಲು ಉತ್ತೇಜಿಸುವ ಕ್ರಮಗಳಿಂದ ಸೋಂಕು ತಗ್ಗುತ್ತದೆಯೇ ಎಂಬುದನ್ನು ಪರಾಮರ್ಶೆ ನೋಡಿತ್ತು, ಉತ್ತರ ಅನಿರ್ದಿಷ್ಟವಾಗಿತ್ತು. ‘ಔಷಧಿ ತೆಗೆದುಕೊಳ್ಳಿ ಎಂದು ಹೇಳಿದರೆ ರೋಗ ವಾಸಿಯಾಗುತ್ತದೆಯೇ’ ಎಂಬ ಪ್ರಶ್ನೆ ಬೇರೆ, ‘ಔಷಧಿ ರೋಗವನ್ನು ವಾಸಿ ಮಾಡುತ್ತದೆಯೇ’ ಎಂಬ ಪ್ರಶ್ನೆ ಬೇರೆ. ಎರಡನ್ನೂ ಬೆರೆಸಿ ಜನರ ಮುಂದಿಟ್ಟದ್ದರಿಂದ ಆದ ಹಾನಿ ಇನ್ನೂ ಸರಿಹೋಗಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಮತ್ತೆ ಮುಖಗಳಿಗೆ ಬರೋಣ. ಮಾಸ್ಕ್ ಎಂದೂ ಬರೀ ಬಟ್ಟೆಯಾಗಿ ಉಳಿದಿಲ್ಲ. 1910-11ರ ಚಳಿಗಾಲದಲ್ಲಿ ಚೀನಾದ ಈಶಾನ್ಯದ ಮಂಚೂರಿಯಾದಲ್ಲಿ ಪ್ಲೇಗ್ ಎದ್ದಾಗ, ಇಂದಿನ ಮಲೇಷ್ಯಾದ ಪಿನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ್ದ ಯುವ ವೈದ್ಯ ವೂ ಲಿಯೆನ್-ಟೆ, ಈ ಪ್ಲೇಗ್ ಉಸಿರಿನಿಂದ ಹರಡುತ್ತಿದೆ ಎಂದು ಗುರುತಿಸಿ ಹತ್ತಿ ಮತ್ತು ತೆಳುಬಟ್ಟೆಯ ಪದರಗಳ ಮಾಸ್ಕ್ ಹಾಕಿಸಿದರು. ಅನುಭವಿ ಫ್ರೆಂಚ್ ವೈದ್ಯ ಜೆರಾಲ್ಡ್ ಮೆಸ್ನಿ ಇದನ್ನು ಒಪ್ಪಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ಪ್ಲೇಗಿನಿಂದ ತೀರಿಕೊಂಡರು. ಸುಮಾರು 60,000 ಜನರನ್ನು ಬಲಿ ಪಡೆದ ಆ ಪಿಡುಗಿನಲ್ಲಿ ಮಾಸ್ಕ್ ಹಾಕಬೇಕೆ ಎಂಬ ಪ್ರಶ್ನೆ, ಯಾರ ಮಾತನ್ನು ನಂಬಬೇಕು ಎಂಬ ಪ್ರಶ್ನೆಯೂ ಆಗಿತ್ತು.

1918ರ ಇನ್‌ಫ್ಲುಯೆಂಜಾ ಕಾಲದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಕ್ಟೋಬರಿನಲ್ಲಿ ಮಾಸ್ಕ್ ಕಡ್ಡಾಯವಾಯಿತು. ಅದು ಯುದ್ಧದ ಕಾಲ, ಹಾಕದವರನ್ನು ದೇಶದ ಕರ್ತವ್ಯದಿಂದ ನುಣುಚಿಕೊಂಡವರಂತೆ ಹೀಯಾಳಿಸಲಾಯಿತು. ನವೆಂಬರ್ 21ರಂದು ಆದೇಶ ಹಿಂತೆಗೆದಾಗ ಜನ ಬೀದಿಯಲ್ಲಿಯೇ ಕಿತ್ತೆಸೆದರು. ಸೋಂಕು ಮರಳಿತು, 1919ರ ಜನವರಿಯಲ್ಲಿ ಆದೇಶವೂ ಮರಳಿತು. ಈ ಸಲ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿಕೊಂಡು ಸಭೆ ಸೇರಿತು. ಅದಕ್ಕೂ ಮುಂಚೆ ನಗರದ ಮೇಯರ್ ಮತ್ತು ಆರೋಗ್ಯಾಧಿಕಾರಿ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮಾಸ್ಕ್ ಇಲ್ಲದೆ ಸಿಕ್ಕಿಬಿದ್ದು ದಂಡ ಕಟ್ಟಿದ್ದರು. ಬಾಂಗ್ಲಾದೇಶದ ಅಧ್ಯಯನದ ಇನ್ನೊಂದು ಮುಖ ಇಲ್ಲಿ ನೆನಪಾಗುತ್ತದೆ: ಅಲ್ಲಿ ಮೊಬೈಲ್ ಸಂದೇಶ, ಹಣದ ಆಮಿಷ, ಪರೋಪಕಾರದ ಬೋಧನೆ ಯಾವುದರಿಂದಲೂ ಹೆಚ್ಚಿನ ಲಾಭವಾಗಲಿಲ್ಲ. ಉಚಿತ ಮಾಸ್ಕ್, ಮಾಹಿತಿ, ಎದುರಿಗೆ ನಿಂತು ನೆನಪಿಸುವುದು, ಊರಿನ ಮುಖಂಡರು ತಾವೇ ಹಾಕಿ ತೋರಿಸುವುದು ಇವಿಷ್ಟೂ ಸೇರಿ ಕೆಲಸ ಮಾಡಿದವು. ಮಾಸ್ಕ್ ಹಾಕಿದ ಜನ ಮೈಮರೆತು ಒತ್ತೊತ್ತಾಗಿ ನಿಲ್ಲುತ್ತಾರೆ ಎಂಬ ಭಯವೂ ಅಲ್ಲಿ ನಿಜವಾಗಲಿಲ್ಲ, ಅಂತರ ಕಾಯ್ದುಕೊಳ್ಳುವುದು ಸ್ವಲ್ಪ ಹೆಚ್ಚೇ ಆಯಿತು.

ಅದೇ ಬಟ್ಟೆಗೆ ಅರ್ಥ ಎಷ್ಟು ಬೇಗ ಬದಲಾಗುತ್ತದೆ ನೋಡಿ. ಹಾಂಗ್‌ಕಾಂಗ್ ಸರ್ಕಾರ 2019ರ ಅಕ್ಟೋಬರಿನಲ್ಲಿ ಪ್ರತಿಭಟನೆಗಳಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ನಿಷೇಧಿಸಿತು. 2020ರ ಜುಲೈನಲ್ಲಿ ಸಾರ್ವಜನಿಕ ಸಾರಿಗೆಯಲ್ಲಿ ಮುಖ ಮುಚ್ಚಿಕೊಳ್ಳುವುದನ್ನು ಕಡ್ಡಾಯ ಮಾಡಿತು. ಜಪಾನಿನಲ್ಲಿ 2023ರ ಮಾರ್ಚ್ 13ರಿಂದ ಮಾಸ್ಕ್ ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದು ಸರ್ಕಾರ ಹೇಳಿದ ಮೇಲೂ ಬಹಳ ಜನ ಹಾಕಿಕೊಂಡೇ ಓಡಾಡಿದರು. ಬೇರೆ ಕೆಲವೆಡೆ ಆದೇಶ ಹೋದ ಮರುದಿನವೇ ಮಾಸ್ಕ್ ಹಾಕಿದವರು ವಿಚಿತ್ರವಾಗಿ ಕಂಡರು. ಎರಡೂ ಕಡೆ ಜನ ಮಾಡಿದ್ದು ಒಂದನ್ನೇ, ಸುತ್ತಲಿನವರನ್ನು ನೋಡಿದ್ದು.

ನಮ್ಮವರ ನಡುವೆ ಈ ದೃಷ್ಟಿ ಇನ್ನೂ ಮಸುಕಾಗುತ್ತದೆ. ಬ್ರಿಟನ್ನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳಿಗೆ ಬೆವರಿನ ವಾಸನೆಯ ಅಂಗಿಯನ್ನು ಮೂಸಲು ಕೊಟ್ಟರು. ಅಂಗಿಯ ಮೇಲೆ ತಮ್ಮದೇ ವಿಶ್ವವಿದ್ಯಾಲಯದ ಗುರುತು ಇದ್ದಾಗ ಅಸಹ್ಯ ಕಡಿಮೆಯಾಯಿತು. ಮದುವೆಯಲ್ಲಿ, ಪ್ರಾರ್ಥನೆಯಲ್ಲಿ, ನಮ್ಮ ತಂಡ ಆಡುವ ಪಂದ್ಯದಲ್ಲಿ ಅಪರಿಚಿತರೂ ಆಪ್ತರಾಗುತ್ತಾರೆ. ಗುಂಪಿನ ಸುಖವೇ ಅದು, ಅದನ್ನು ಯಾರೂ ಬಿಟ್ಟುಕೊಡಬೇಕೆಂದು ನಾನು ಹೇಳಲಾರೆ. ಆದರೆ ಅಪರಿಚಿತರು ತುಂಬಿದ ಬಸ್ಸಿನಲ್ಲಿ ಹತ್ತು ನಿಮಿಷ ಮಾಸ್ಕ್ ಹಾಕಿ, ಇಳಿದ ಮೇಲೆ ನೆಂಟರ ನಡುವೆ ಮುಚ್ಚಿದ ಕೋಣೆಯಲ್ಲಿ ನಾಲ್ಕು ಗಂಟೆ ಅದನ್ನು ತೆಗೆದಿಡುವಾಗ ನಾವು ಗಾಳಿಯನ್ನು ಕೇಳುತ್ತಿಲ್ಲ. ಬಾಂಧವ್ಯವನ್ನು ಕೇಳುತ್ತಿದ್ದೇವೆ.

ಮಾಸ್ಕಿಗೂ ಬೆಲೆ ಇದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ತುಟಿಯ ಚಲನೆ ನೋಡಿ ಮಾತು ಅರ್ಥ ಮಾಡಿಕೊಳ್ಳುವ ಕಿವುಡರಿಗೆ ಅದು ಗೋಡೆ. ಸೆಕೆಯಲ್ಲಿ ದುಡಿಯುವವರಿಗೆ ಹಿಂಸೆ. ಹಾಗಾಗಿ ಎಲ್ಲ ಕಡೆ, ಎಲ್ಲ ಹೊತ್ತು ಹಾಕಿ ಎನ್ನುವುದಕ್ಕಿಂತ ಎಲ್ಲಿ ಹೆಚ್ಚು ಉಪಯೋಗವೋ ಅಲ್ಲಿ ಸರಿಯಾಗಿ ಹಾಕಿ ಎನ್ನುವುದು ನನಗೆ ಒಪ್ಪಿಗೆಯಾದ ಮಾತು. ಬಯಲಿನಲ್ಲಿ ಗಾಳಿ ಬೀಸುವ ಕಡೆ ಜನ ವಿರಳವಾಗಿದ್ದರೆ ಬೇಡ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬೇಕು, ಏಕೆಂದರೆ ಅಲ್ಲಿ ಕಾಯಿಲೆಯವರೂ ಕಾಯಿಲೆ ತಡೆಯಲಾರದವರೂ ಒಟ್ಟಿಗೆ ಕೂತಿರುತ್ತಾರೆ. ನಮಗೇ ನೆಗಡಿ, ಕೆಮ್ಮು ಇದ್ದು ಹೊರಗೆ ಹೋಗಲೇಬೇಕಾದಾಗ ಎಲ್ಲಕ್ಕಿಂತ ಹೆಚ್ಚು ಬೇಕು.

ಒಮ್ಮೆ ನನಗೆ ಹಾಗೆಯೇ ಆಯಿತು. ತಪ್ಪಿಸಲಾಗದ ಸಭೆ, ಮುಚ್ಚಿದ ಕೋಣೆ, ಎಪ್ಪತ್ತು ಎಂಬತ್ತು ಜನ, ಮಾಸ್ಕ್ ಹಾಕಿದ್ದವನು ನಾನೊಬ್ಬನೇ. ಕೂತ ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನ ಹಿರಿಯ ಮಹಿಳೆಯೊಬ್ಬರು ಮುಂದೆ ಬಾಗಿ, ಹುಷಾರಿಲ್ಲವೇ ಎಂದು ಕೇಳಿದರು. ಹೌದು, ನೆಗಡಿ ಎಂದೆ. ಅವರು ಚೀಲ ತೆರೆದು ತಮ್ಮದನ್ನು ಹೊರತೆಗೆದರು. ಮನೆಯಲ್ಲಿ ಪತಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ, ಬಾಗಿಲಿನವರೆಗೆ ಹಾಕಿಕೊಂಡೇ ಬಂದಿದ್ದೆ, ಒಳಗೆ ಯಾರೂ ಹಾಕಿರದಿದ್ದುದನ್ನು ನೋಡಿ ತೆಗೆದಿಟ್ಟೆ ಎಂದರು. ಆಮೇಲೆ ಕಿಟಕಿ ತೆರೆಯಬಹುದೇ ಎಂದು ಕೇಳಿದರು. ಚಿಲಕ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಅದನ್ನು ಎಳೆಯಲು ಮೂವರು ಬೇಕಾಯಿತು.